ತಲೆಕೆಳಗಿನ ಗಡಿಯಾರ

ಲಂಡನ್ನಿನ ಅಂಚಿನ ಹೇಸ್‌ನ ಆ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಗಡಿಯಾರ ತಲೆಕೆಳಗಾಗಿ ತೂಗುತ್ತಿತ್ತು. ಮನೆಗೆ ಬಂದವರು ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ಶೋಭಾಳ ಮುಖ ನೋಡುತ್ತಿದ್ದರು. "ನಮ್ಮನೆಯವರ ಬುದ್ಧಿವಂತಿಕೆ" ಎಂದು ಹೇಳಿ ಅವಳು ಟೀಗೆ ನೀರಿಡುತ್ತಿದ್ದಳು.

ಕೆಲಸ ಗಂಡ ಶಶಿಧರನದೇ. ಪಾರ್ಕ್ ರಾಯಲ್‌ನ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಅವನು ಯಂತ್ರ ರಿಪೇರಿ ಮಾಡುತ್ತಿದ್ದ. ಅಲ್ಲಿನ ಒಬ್ಬ ಹಳೆಯ ಗುಜರಾತಿ ಕೆಲಸಗಾರ ಈ ಉಪಾಯ ಹೇಳಿಕೊಟ್ಟಿದ್ದ. ಲಂಡನ್ನಿನ ಗಡಿಯಾರವನ್ನು ತಿರುವಿ ಹಿಡಿದರೆ ಇಂಡಿಯಾದ ಹೊತ್ತು ಕಾಣುತ್ತದೆ. ಇಲ್ಲಿ ಮಧ್ಯಾಹ್ನ ಎರಡೂವರೆಯಾದಾಗ ತಿರುವಿದ ಗಡಿಯಾರ ಎಂಟು ತೋರಿಸುತ್ತದೆ, ಅವನ ಊರು ಬೈಲಹೊಂಗಲದಲ್ಲೂ ಆಗ ರಾತ್ರಿ ಎಂಟು. ಸಣ್ಣ ಮುಳ್ಳು ಕೊಂಚ ಅತ್ತಿತ್ತ ಇರುತ್ತದೆ, ಆದರೆ ಲೆಕ್ಕ ತಪ್ಪುವುದಿಲ್ಲ. ತೊಂಬತ್ತೇಳರ ನವೆಂಬರಿನಲ್ಲಿ ತಾಯಿ ರತ್ನವ್ವ ಊರಿನಿಂದ ಬಂದ ವಾರವೇ ಶಶಿಧರ ಸಂತೆಯಿಂದ ಅಂಕಿಗಳಿಲ್ಲದ, ಬರೀ ಗೆರೆಗಳಿರುವ ಗಡಿಯಾರ ತಂದು ತಿರುವಿ ತೂಗುಹಾಕಿದ.

"ನೆಟ್ಟಗ ನೋಡಿದ್ರ ನಮ್ಮೂರು, ಕುತ್ತಿಗಿ ಸೊಟ್ಟ ಮಾಡಿದ್ರ ಲಂಡನ್" ಎಂದು ಕೈ ಒರೆಸಿಕೊಂಡ.

"ಅಂದ್ರೆ ನನ್ನ ಕುತ್ತಿಗೆ" ಎಂದಳು ಶೋಭಾ. ಬೆಳಿಗ್ಗೆ ಆಫೀಸಿಗೆ ಓಡುವಾಗ ಆ ಗಡಿಯಾರ ನೋಡಬೇಕಾದವಳು ಅವಳೇ.

ಶೋಭಾ ಬೆಂಗಳೂರಿನ ರಾಜಾಜಿನಗರದವಳು. ವಿಮಾನ ನಿಲ್ದಾಣದ ಹತ್ತಿರ, ಸರಕು ಸಾಗಿಸುವ ಕಂಪನಿಯೊಂದರಲ್ಲಿ ಅವಳಿಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಐದು ವರ್ಷದ ಮಗಳು ಅಂಕಿತಾಳ ಶಾಲೆ ಬಿಡುವುದು ಮೂರೂ ಕಾಲಿಗೆ. ಆ ಹೊತ್ತಿಗೆ ಶಾಲೆಯ ಗೇಟಿನಲ್ಲಿ ಮನೆಯವರೊಬ್ಬರು ನಿಂತಿರಲೇಬೇಕು. ಅದಕ್ಕಾಗಿಯೇ ರತ್ನವ್ವ ಬಂದದ್ದು. ಬಂದವರು ಮಾತಾಡದೆ ಎಲ್ಲ ಕೆಲಸವನ್ನೂ ಕೈಗೆತ್ತಿಕೊಂಡರು. ಇಲ್ಲಿನ ಚಳಿಗೆ ಬೈಯಲಿಲ್ಲ, ಸೀರೆಯ ಮೇಲೆ ಮಗನ ಹಳೆಯ ಕೋಟು ಹಾಕಿಕೊಂಡು ಮೊಮ್ಮಗಳ ಕೈ ಹಿಡಿದು ನಡೆದರು. ಅವರಿಗೆ ಹಟವಿದ್ದುದು ಒಂದೇ ವಿಷಯದಲ್ಲಿ, ಊಟದ ಹೊತ್ತು.

ರತ್ನವ್ವನೂ ನೆಗೆಣ್ಣಿ ಗಿರಿಜಾದೇವಿಯೂ ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಎಲ್ಲರಿಗೂ ಬಡಿಸಿ, ಒಲೆ ಆರಿಸಿ, ಕೊನೆಗೆ ಇಬ್ಬರೂ ಕೂಡಿ ಉಣ್ಣುವುದು ರೂಢಿ. ರತ್ನವ್ವನ ಗಂಡ ಪರಪ್ಪ ತೀರಿಕೊಂಡಾಗ ಆಕೆ ಅನ್ನ ಬಿಟ್ಟರು. ಬಂದವರೆಲ್ಲ ಬುದ್ಧಿ ಹೇಳಿ ಹೋದರು. ಗಿರಿಜಾದೇವಿ ಬುದ್ಧಿ ಹೇಳಲಿಲ್ಲ. ಎರಡು ತಟ್ಟೆ ಬಡಿಸಿಕೊಂಡು ಎದುರಿಗೆ ಕೂತು, "ನೀ ತುತ್ತ ಎತ್ತಿದ ಮ್ಯಾಲೆ ನಾ" ಎಂದರು, ಅಷ್ಟೇ. ಮರುದಿನ ಸಂಜೆ ಕೂತಲ್ಲೇ ತಲೆ ಸುತ್ತಿ ಬಿದ್ದರು. ಅವರ ಮುಖಕ್ಕೆ ನೀರು ಹೊಡೆದು ಎಬ್ಬಿಸಿ, ರತ್ನವ್ವ ತಾವೇ ರೊಟ್ಟಿ ಮುರಿದರು. ಅಂದಿನಿಂದ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಉಂಡಿರಲಿಲ್ಲ. ಲಂಡನ್ನಿಗೆ ಹೊರಟಾಗ ಗಿರಿಜಾದೇವಿ ಹೇಳಿದ್ದರಂತೆ: "ರಾತ್ರಿ ಎಂಟಕ್ಕ ನಾ ಇಲ್ಲಿ ಕೂಡ್ತೀನಿ, ನೀ ಅಲ್ಲಿ ಕೂಡು. ಅಲ್ಲಿ ಮಧ್ಯಾಹ್ನರೆ ಇರಲಿ, ಮುಂಜಾನೆರೆ ಇರಲಿ."

ಹಾಗಾಗಿ ಎರಡೂವರೆಗೆ, ಗಡಿಯಾರ ಎಂಟು ತೋರಿಸಿದ ಕೂಡಲೇ, ರತ್ನವ್ವ ತಟ್ಟೆಯ ಮುಂದೆ ಕೂರುತ್ತಿದ್ದರು. ಉಂಡು, ತಟ್ಟೆ ತೊಳೆದು, ಕೋಟು ಹಾಕಿಕೊಂಡು ಶಾಲೆಗೆ ಹೊರಡುತ್ತಿದ್ದರು. ಇದೊಂದು ನಾಟಕ ಎಂದು ಶೋಭಾಳಿಗೆ ಒಳಗೊಳಗೇ ಅನ್ನಿಸುತ್ತಿತ್ತು. ಅವಳ ತವರಿನಲ್ಲಿ ಹಸಿದವರು ಹಸಿದಾಗ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಟೀವಿ ಮುಂದೆ ಉಣ್ಣುತ್ತಿದ್ದರು. ಆಫೀಸಿನಲ್ಲಿ ಅವಳು ತಿನ್ನುವ ಸ್ಯಾಂಡ್‌ವಿಚ್ಚಿಗೆ ಎದುರಿಗೆ ಕಂಪ್ಯೂಟರ್ ಇದ್ದರೆ ಸಾಕಿತ್ತು.

ಮಾರ್ಚಿನ ಕೊನೆಯ ಭಾನುವಾರ ಶಶಿಧರ ಕುರ್ಚಿ ಹಿಡಿದುಕೊಂಡು ಮನೆಯೆಲ್ಲ ಓಡಾಡಿದ. ಹಾಲಿನ ಗಡಿಯಾರ, ಓವನ್ನಿನ ಗಡಿಯಾರ, ಮಲಗುವ ಕೋಣೆಯ ಅಲಾರಂ, ಎಲ್ಲವನ್ನೂ ಒಂದು ತಾಸು ಮುಂದೆ ಮಾಡಿದ. ಕೊನೆಗೆ ಅಡುಗೆಮನೆಗೆ ಬಂದು ಕುರ್ಚಿ ಹತ್ತಿದ.

"ಏನ ಮಾಡಾಕತ್ತೀಯೋ?" ಎಂದರು ರತ್ನವ್ವ.

"ಇವತ್ತಿಂದ ಬ್ಯಾಸಿಗಿ ಟೈಮವ್ವಾ. ಇಲ್ಲಿ ಸರಕಾರದವ್ರು ವರ್ಷಾ ಹಿಂಗ ಒಂದ ತಾಸು ಮುಂದ ಮಾಡ್ತಾರ, ಚಳಿಗಾಲಕ್ಕ ಮತ್ತ ಹಿಂದ ಮಾಡ್ತಾರ. ಬೆಳಕು ಉಳಸಾಕ."

"ಬೆಳಕೇನ ಬೆಲ್ಲ ಏನೋ, ಡಬ್ಬ್ಯಾಗ ಹಾಕಿ ಉಳಸಾಕ? ಸರಕಾರ ಹೇಳಿದ್ರ ಸೂರ್ಯ ಕೇಳ್ತಾನೇನ?"

"ಸೂರ್ಯ ಕೇಳೂದಿಲ್ಲ. ನಾವು ಕೇಳ್ತೀವಿ."

ರತ್ನವ್ವ ನಕ್ಕು ಹಿಟ್ಟು ನಾದತೊಡಗಿದರು. ಯಂತ್ರ ಬಿಚ್ಚಿ ಜೋಡಿಸುವ ಶಶಿಧರನಿಗೂ ಹೊಳೆಯಲಿಲ್ಲ, ಆಫೀಸಿನಲ್ಲಿ ದಿನವಿಡೀ ದೇಶದೇಶಗಳ ವಿಮಾನದ ಹೊತ್ತು ನೋಡುವ ಶೋಭಾಳಿಗೂ ಹೊಳೆಯಲಿಲ್ಲ: ತಿರುವಿ ಹಾಕಿದ ಗಡಿಯಾರ ಚಳಿಗಾಲದಲ್ಲಿ ಮಾತ್ರ ನಿಜ ಹೇಳುತ್ತದೆ. ಮುಳ್ಳು ತಿರುಗಿದ್ದು ಲಂಡನ್ನಿನಲ್ಲಿ. ಬೈಲಹೊಂಗಲದಲ್ಲಿ ಯಾರೂ ಯಾವ ಮುಳ್ಳನ್ನೂ ಮುಟ್ಟಿರಲಿಲ್ಲ.

ಗೊತ್ತಾದದ್ದು ಮೇ ತಿಂಗಳಿನಲ್ಲಿ. ಭಾನುವಾರ ಬೆಳಿಗ್ಗೆ ಊರಿಗೆ ಫೋನ್ ಮಾಡುವುದು ವಾಡಿಕೆ. ರತ್ನವ್ವ ಅಡುಗೆಮನೆಯ ಗೋಡೆಗೆ ಒರಗಿ ಗಿರಿಜಾದೇವಿಯ ಜೊತೆ ಮಾತಾಡುತ್ತಿದ್ದಾಗ ಫೋನಿನೊಳಗಿಂದ ಸೈರನ್ನಿನ ಉದ್ದನೆಯ ಕೂಗು ಕೇಳಿಸಿತು. ಟೇಬಲ್ಲಿನಲ್ಲಿ ಕೂತಿದ್ದ ಶೋಭಾಳಿಗೂ ಕೇಳಿಸುವಷ್ಟು ಜೋರು.

"ಅದೇನ ಗಿರಿಜಾ, ಭೋಂಗಾ?"

ಆ ಕಡೆಯಿಂದ ಏನೋ ಉತ್ತರ ಬಂತು.

"ಹನ್ನೆರಡರದ? ಈಗ ಒಂದಾಗೇತಲ್ಲ" ಎಂದು ರತ್ನವ್ವ ಗಡಿಯಾರ ನೋಡಿದರು. ಮತ್ತೆ ಉತ್ತರ ಬಂತು. ಇವರ ದನಿ ಇಳಿಯಿತು. "ಹೌದಲ್ಲ. ಮುನಸಿಪಾಲ್ಟಿ ಭೋಂಗಾ ಎಂದ ತಪ್ಪೇತಿ?" ಎಂದು ಫೋನ್ ಇಟ್ಟರು.

ಆಮೇಲೆ ಮಗನನ್ನು ಕರೆದರು. ಶಶಿಧರ ಗಡಿಯಾರ ನೋಡಿದ, ಬೆರಳು ಮಡಚಿದ, ನಾಲಿಗೆ ಕಚ್ಚಿಕೊಂಡ.

"ತಪ್ಪಾತವ್ವಾ. ಬ್ಯಾಸಿಗ್ಯಾಗ ಇದು ಊರಕ್ಕಿಂತ ಒಂದ ತಾಸು ಮುಂದ ಓಡತೈತಿ."

"ಅಂದ್ರ ನಾ ಎಂಟಂತ ಉಂಡಾಗ ಅಲ್ಲಿ ಏಳು."

"ಹೂಂ."

"ಆಕೀನ ಬಿಟ್ಟ ಉಂಡೀನಿ. ಒಂದ ಒಪ್ಪತ್ತಲ್ಲ, ದಿನಾ."

ಅಂದು ರತ್ನವ್ವ ಮೂರೂವರೆಯ ತನಕ ಹನಿ ನೀರೂ ಮುಟ್ಟಲಿಲ್ಲ. ಶಶಿಧರ ಮತ್ತೆ ಕುರ್ಚಿ ಹತ್ತಿ ಆ ಒಂದು ಗಡಿಯಾರವನ್ನು ಮಾತ್ರ ಹಿಂದೆ ಮಾಡಿದ. ಮರುದಿನ ಬೆಳಿಗ್ಗೆ ಶೋಭಾ ಮರೆತು ಕುತ್ತಿಗೆ ಸೊಟ್ಟ ಮಾಡಿ ನೋಡಿ, ಇನ್ನೂ ಹೊತ್ತಿದೆ ಎಂದುಕೊಂಡು ಕೂತಳು. ಆಫೀಸಿಗೆ ಹೋಗುವಷ್ಟರಲ್ಲಿ ಮ್ಯಾನೇಜರ್ ಅವಳ ಆ ದಿನದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದ್ದ.

ಗಡಿಯಾರ ಸರಿಯಾಯಿತು, ಬದುಕು ಸರಿಯಾಗಲಿಲ್ಲ. ಬೈಲಹೊಂಗಲದ ಎಂಟು ಈಗ ಇಲ್ಲಿನ ಮೂರೂವರೆ. ಮೂರೂವರೆಗೆ ರತ್ನವ್ವ ಮೊಮ್ಮಗಳ ಕೈ ಹಿಡಿದು ರಸ್ತೆಯಲ್ಲಿರುತ್ತಿದ್ದರು. ಇದಕ್ಕೆ ಅವರು ಏನು ಉಪಾಯ ಮಾಡಿದ್ದಾರೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಶಾಲೆಯ ಟೀಚರು ಆಫೀಸಿಗೆ ಫೋನ್ ಮಾಡಿದಾಗಲೇ ಶೋಭಾಳಿಗೆ ತಿಳಿದದ್ದು.

ಟೀಚರು ತುಂಬ ಮೆತ್ತಗೆ ಮಾತಾಡಿದಳು. ಅಂಕಿತಾ ಜಾಣೆ, ಅಂಕಿತಾಳ ಚಿತ್ರಗಳು ಚೆನ್ನ. ಆಮೇಲೆ, "ಈಸ್ ಎವ್ರಿಥಿಂಗ್ ಆಲ್ ರೈಟ್ ಅಟ್ ಹೋಮ್?" ಎಂದು ಕೇಳಿದಳು. ಅಜ್ಜಿ ದಿನಾ ಶಾಲೆಯ ಹೊರಗಿನ ಗೋಡೆಯ ಮೇಲೆ ಕೂತು ಡಬ್ಬಿ ಬಿಚ್ಚಿ ಉಣ್ಣುತ್ತಾರೆ, ಮಳೆ ಬಂದರೂ. ಬೇರೆ ತಾಯಂದಿರು ವಿಚಾರಿಸುತ್ತಿದ್ದಾರೆ. ಮನೆಯಲ್ಲಿ ಏನಾದರೂ ತೊಂದರೆಯಿದ್ದರೆ ಹೇಳಬಹುದು.

ಶೋಭಾಳ ಕಿವಿ ಕಾದುಹೋಯಿತು. ಮ್ಯಾನೇಜರನ ಕೈಕಾಲು ಹಿಡಿದು ಅರ್ಧ ದಿನ ರಜೆ ಪಡೆದು ಬಸ್ ಹತ್ತಿದಳು.

ಶಾಲೆ ಆಗಲೇ ಬಿಟ್ಟಿತ್ತು. ಮಕ್ಕಳನ್ನು ರಸ್ತೆ ದಾಟಿಸುವ ಹಳದಿ ಕೋಟಿನ ಹೆಂಗಸು ದಿನದಂತೆ ಮೂರೂವರೆಗೆ ಸರಿಯಾಗಿ ತನ್ನ ಕೋಲು ಹೆಗಲಿಗಿಟ್ಟುಕೊಂಡು ಮನೆಗೆ ಹೊರಟಿದ್ದಳು. ಅವಳು ಹೊರಡುವುದನ್ನೇ ಕಾಯುತ್ತಿದ್ದವರಂತೆ ರತ್ನವ್ವ ಡಬ್ಬಿಯ ಮುಚ್ಚಳ ತೆಗೆದರು. ಹಣೆಗೆ ಒಮ್ಮೆ ಕೈ ಮುಟ್ಟಿಸಿ, ರೊಟ್ಟಿ ಮುರಿದು, ಶೇಂಗಾ ಹಿಂಡಿಯ ಚಟ್ನಿಪುಡಿಗೆ ಒತ್ತಿ ಬಾಯಿಗಿಟ್ಟುಕೊಂಡರು. ಪಕ್ಕದಲ್ಲಿ ಅಂಕಿತಾ ಕಾಲು ಆಡಿಸುತ್ತ ಕೂತಿದ್ದಳು.

"ಆಯಿ, ಮೋರ್ ಹಿಂಡಿ ಪ್ಲೀಸ್" ಎಂದು ಅಜ್ಜಿಯ ಕೋಟು ಎಳೆದಳು.

"ಖಾರ ಐತವಾ, ಸಣ್ಣ ತುತ್ತ ಮಾಡು."

"ಅತ್ತೆ!" ಎಂದಳು ಶೋಭಾ. "ಏನಿದು? ಬೀದೀಲಿ ಕೂತು ಊಟ ಮಾಡ್ತಿದೀರಲ್ಲ, ಜನ ಏನಂದ್ಕೋತಾರೆ? ಸೊಸೆ ಮನೇಲಿ ಅನ್ನ ಹಾಕಲ್ಲ ಅಂತ ಟೀಚರ್ ನಂಗೆ ಫೋನ್ ಮಾಡಿದ್ಲು!"

"ಅನ್ನ ಎಲ್ಲೈತಿ ಇದರಾಗ? ರೊಟ್ಟಿ ಐತಿ ನೋಡು."

"ತಮಾಷೆ ಮಾಡ್ಬೇಡಿ. ಮನೆಗೆ ಹೋಗಿ ಹತ್ತು ನಿಮಿಷ ತಡವಾಗಿ ಉಂಡ್ರೆ ಏನಾಗುತ್ತೆ?"

"ಹತ್ತ ನಿಮಿಷ ಆಕೀನ ಕಾಯಿಸ್ಲೇನ? ನಾ ಎತ್ತಿದ ಮ್ಯಾಲೆ ಆಕಿ ಎತ್ತೂದು."

"ಅವ್ರಿಗೆ ಹೇಗೆ ಗೊತ್ತಾಗುತ್ತೆ, ನೀವು ಎತ್ತಿದ್ದು?"

ರತ್ನವ್ವ ಸೊಸೆಯ ಮುಖವನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ. "ಆಕಿಗೆ ಗೊತ್ತಾಗೂದಿಲ್ಲ. ನನಗ ಗೊತ್ತಾಗತೈತಲ್ಲ" ಎಂದು ಉಳಿದ ರೊಟ್ಟಿ ಮಡಚಿದರು. "ನಿನಗ ನಾಚಿಕಿ ಆಗೂದಿದ್ರ ಟಿಕೇಟ ತಗಸಾಕ ಹೇಳು ಶಶಿಗೆ. ಊರಾಗ ಆಕಿ ಬಾಜೂಕ ಕೂತ ಉಣ್ತೀನಿ."

ಇದು ಬೆದರಿಕೆಯಲ್ಲ ಎಂದು ಶೋಭಾಳಿಗೆ ಗೊತ್ತಿತ್ತು. ರತ್ನವ್ವ ಬೆದರಿಸುವ ಜಾತಿಯವರಲ್ಲ, ಹೇಳಿದ್ದನ್ನು ಮಾಡುವವರು. ಅವರು ಹೋದರೆ ತನ್ನ ಕೆಲಸವೂ ಹೋಯಿತು. ಅದಕ್ಕಿಂತ, ಮಳೆಯಲ್ಲಿ ಗೋಡೆಯ ಮೇಲೆ ಕೂತು ಒಬ್ಬಾಕೆ ರೊಟ್ಟಿ ಮುರಿಯುವ ಚಿತ್ರ ಅವಳ ಕಣ್ಣಿನಿಂದ ಹೋಗಲಿಲ್ಲ. ದಾರಿಯುದ್ದಕ್ಕೂ ಅಂಕಿತಾ ಖಾರಕ್ಕೆ ಹಾ ಹೂ ಎನ್ನುತ್ತ ಇಬ್ಬರ ನಡುವೆ ಬಂದಳು.

ಸೋಮವಾರ ಆಫೀಸಿನ ಊಟದ ಬಿಡುವಿನಲ್ಲಿ ಶೋಭಾ ರಸ್ತೆ ಬದಿಯ ಫೋನಿನಿಂದ ಬೈಲಹೊಂಗಲಕ್ಕೆ ಕರೆ ಮಾಡಿದಳು. ಗಿರಿಜಾದೇವಿಗೆ ಎಲ್ಲ ಹೇಳಿದಳು: ಗಡಿಯಾರ, ಗೋಡೆ, ಡಬ್ಬಿ, ಟೀಚರು.

"ಚಿಕ್ಕತ್ತೆ, ನೀವೇ ಒಂದು ಮಾತು ಹೇಳಿ. ಒಂದು ಗಂಟೆ ಮುಂಚೆ ಉಂಡ್ರೆ ಪರವಾಗಿಲ್ಲ ಅಂತ. ನಿಮ್ಮ ಮಾತು ಕೇಳ್ತಾರೆ."

ಲೈನ್ ಹೋಯಿತೇನೋ ಎಂದು ಶೋಭಾ ಹಲೋ ಹಲೋ ಎಂದಳು.

"ಇದೀನವಾ. ಅಕ್ಕ ಏಳಕ್ಕ ಉಣತಿದ್ಲೇನ, ಇಷ್ಟ ದಿನಾ?"

"ಹೌದು. ಗಡಿಯಾರದ ತಪ್ಪಿಂದ. ಅದಕ್ಕೇ ಅಷ್ಟು ನೊಂದ್ಕೊಂಡಿದಾರೆ."

ಗಿರಿಜಾದೇವಿ ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ಇನ್ನೇನೋ ಆಯಿತು. "ಶೋಭಾ, ನಾನೂ ಏಳಕ್ಕ ಉಣತೀನವಾ. ನನಗ ಸಕ್ರಿ ರೋಗ ಬಂದೈತಿ. ಸಂಕ್ರಾಂತಿ ಮುಂದ ಗೊತ್ತಾತು. ಏಳಕ್ಕ ಗುಳಗಿ ತಗೊಂಡು ಉಣ್ಣಬೇಕು, ತಡಾ ಮಾಡಿದ್ರ ಬೀಳ್ತಿ ಅಂದ್ರು ಡಾಕ್ಟ್ರು. ಅಕ್ಕಗ ಹ್ಯಾಂಗ ಹೇಳ್ಲಿ? ಹೇಳಿದ್ರ ಮೊದಲನೇ ಇಮಾನ ಹತ್ತಿ ಬರ್ತಾಳ. ಅದಕ್ಕ ಏಳಕ್ಕ ಉಂಡು, ಎಂಟಕ್ಕ ಮತ್ತ ತಟ್ಟಿ ಹಾಕ್ಕೊಂಡ ಕೂಡ್ತೀನಿ. ಒಂದ ಗುಟುಕು ಮಜ್ಜಿಗಿ ಕುಡದ ಏಳ್ತೀನಿ. ಮನ್ಯಾಗಿನವ್ರು ನನಗ ಹುಚ್ಚು ಅಂತಾರ."

ಶೋಭಾ ಫೋನ್ ಹಿಡಿದೇ ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ಸಂಕ್ರಾಂತಿಯಿಂದ ಮಾರ್ಚಿನ ತನಕ, ಗಡಿಯಾರ ಸರಿಯಿದ್ದಾಗ, ಇಬ್ಬರೂ ಬೇರೆ ಬೇರೆ ಉಂಡಿದ್ದರು. ಮಾರ್ಚಿನಿಂದ ಮೇ ತನಕ, ಗಡಿಯಾರ ತಪ್ಪಿದ್ದಾಗ, ಇಬ್ಬರಿಗೂ ಗೊತ್ತಿಲ್ಲದೆ ಒಂದೇ ಹೊತ್ತಿಗೆ ಕೂಡಿ ಉಂಡಿದ್ದರು. ತಪ್ಪು ತಿದ್ದಿ ಮತ್ತೆ ಬೇರೆ ಮಾಡಿದ್ದು ಭೋಂಗಾ.

"ಅಕ್ಕಗ ಹೇಳಬ್ಯಾಡ" ಎಂದರು ಗಿರಿಜಾದೇವಿ. "ನಾನ ಏನರೆ ಸುಳ್ಳು ಹಚ್ಚತೀನಿ."

ಮುಂದಿನ ಭಾನುವಾರ ಸುಳ್ಳು ಬಂತು. ರತ್ನವ್ವ ಫೋನಿನಲ್ಲಿ ಹೂಂ ಹೂಂ ಎಂದು ಕೇಳಿಸಿಕೊಂಡು, ಕೊನೆಗೆ "ಹಂಗಾರ ಏಳಕ್ಕ ಕೂಡೂಣು ತಗೊ" ಎಂದು ಇಟ್ಟರು. ಶೋಭಾಳ ಕಡೆ ತಿರುಗಿ, "ಅಲ್ಲಿ ದಿನಾ ಎಂಟಕ್ಕ ಕರೆಂಟ ತಗೀತಾರಂತ. ಕತ್ತಲಾಗ ಉಣ್ಣಾಕ ಆಗೂದಿಲ್ಲ, ಏಳಕ್ಕ ಉಣ್ಣೂಣು ಅಂದ್ಲು. ಇಲ್ಲಿ ತಾಸು ತಗೀತಾರ, ಅಲ್ಲಿ ಕರೆಂಟ ತಗೀತಾರ" ಎಂದರು.

"ಒಳ್ಳೇದಾಯ್ತಲ್ಲ ಅತ್ತೆ. ಎರಡೂವರೆಗೆ ಮನೇಲೇ ಉಂಡು ಶಾಲೆಗೆ ಹೋಗಬಹುದು."

"ಹೂಂ." ರತ್ನವ್ವ ಮೊರದಲ್ಲಿ ಶೇಂಗಾ ಹರವಿಕೊಂಡು ಕೂತರು. ಕಲ್ಲು ಆರಿಸುತ್ತ ತಲೆ ಎತ್ತದೆ ಕೇಳಿದರು. "ಆಕಿಗೆ ಸಕ್ರಿ ರೋಗ ಬಂದೈತೇನ?"

"ಇಲ್ಲ. ಯಾಕೆ? ಇಲ್ಲಪ್ಪ."

"ಬೆಂಗಳೂರಾಕಿ ಆಗಿ ಇಷ್ಟ ಸುಳ್ಳು ಹೇಳಾಕ ಬರೂದಿಲ್ಲಲ್ಲ ನಿನಗ! ನಾವಿಬ್ರೂ ಆ ಮನಿಗೆ ಬಂದಾಗ ಕರೆಂಟ ಎಲ್ಲಿತ್ತು? ಚಿಮಣಿ ಬೆಳಕಿನ್ಯಾಗ ಒಂದ ತಟ್ಟ್ಯಾಗ ಉಂಡಾವ್ರು. ಆಕಿಗೆ ಕತ್ತಲಿ ಭಯ ಅಂತ ಹೇಳಾಕ ಬಂದಾಳ. ಅವರವ್ವನೂ ಸಕ್ರಿ ರೋಗದಿಂದನ ಹೋದ್ಲು, ನನಗ ಗೊತ್ತೈತಿ."

ಶೋಭಾ ಇನ್ನು ಮುಚ್ಚಿಡಲಿಲ್ಲ. ಗುಳಿಗೆ, ಏಳರ ಊಟ, ಎಂಟರ ಮಜ್ಜಿಗೆ, ಎಲ್ಲವನ್ನೂ ಹೇಳಿದಳು. ಮಾರ್ಚಿನಿಂದ ಮೇ ತನಕ ಇಬ್ಬರೂ ಕೂಡಿಯೇ ಉಂಡಿದ್ದನ್ನೂ ಹೇಳಿದಳು. ರತ್ನವ್ವ ಅಳಬಹುದು, ಇಲ್ಲವೇ ಊರಿಗೆ ಹೊರಡುತ್ತೇನೆ ಎನ್ನಬಹುದು ಎಂದು ಕಾದಳು. ರತ್ನವ್ವ ಒಂದು ಕಲ್ಲು ಹುಡುಕಿ ತೆಗೆದು ಬದಿಗಿಟ್ಟರು.

"ಉಂಡ ಮ್ಯಾಲೂ ಮತ್ತ ಕೂತ್ಲಂತ" ಎಂದರು. "ತಟ್ಟಿ ಹಾಕ್ಕೊಂಡು."

"ಹೂಂ."

"ಹುಚ್ಚಿ." ಮೊರ ಒಮ್ಮೆ ಕೇರಿದರು. "ನಾನು ಹೋದ್ರ ಆಕಿ, ಅಕ್ಕ ನನ್ನ ಸಲುವಾಗಿ ಮೊಮ್ಮಗಳನ್ನ ಬಿಟ್ಟ ಬಂದ್ಲು ಅಂತ ಕೊರಗ್ತಾಳ. ಇರಲಿ, ಏಳಕ್ಕ ಕೂಡ್ತೀನಿ. ನನಗ ಗೊತ್ತಾತು ಅಂತ ಆಕಿಗೆ ಹೇಳಬ್ಯಾಡ. ಕರೆಂಟ ಹೋಗತೈತಿ ಅಂದಾಳ, ಹೋಗಲಿ."

ಬೇಸಗೆ ಕಳೆಯಿತು. ಶಾಲೆಯ ಹೊರಗಿನ ಗೋಡೆಯ ಮೇಲೆ ಮತ್ತೆ ಯಾರೂ ಉಣ್ಣಲಿಲ್ಲ. ಅಂಕಿತಾ ಮಾತ್ರ ಸ್ವಲ್ಪ ದಿನ ಹಿಂಡಿ ಇಲ್ಲ ಎಂದು ಮುನಿಸಿಕೊಂಡಳು. ಭಾನುವಾರಗಳಂದು ಫೋನಿನಲ್ಲಿ ರತ್ನವ್ವ, "ಕರೆಂಟ ಹ್ಯಾಂಗೈತಿ ಈಗ?" ಎಂದು ಕೇಳುತ್ತಿದ್ದರು. ಗಿರಿಜಾದೇವಿ, "ಔಷಧ ಹಾಕಾಕತ್ತಾರ, ಸುಧಾರ್ಸೇತಿ" ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದರಂತೆ. ರತ್ನವ್ವ ಕೇಳಿಸಲಿಲ್ಲ ಎನ್ನುವಂತೆ ಬೇರೆ ಮಾತು ತೆಗೆದರಂತೆ.

ಅಕ್ಟೋಬರಿನ ಕೊನೆಯ ಭಾನುವಾರ ಶಶಿಧರ ಮತ್ತೆ ಕುರ್ಚಿ ಹಿಡಿದು ಹೊರಟ. ಈ ಸಲ ಒಂದು ತಾಸು ಹಿಂದೆ. ಹಾಲು, ಓವನ್, ಅಲಾರಂ ಮುಗಿಸಿ ಅಡುಗೆಮನೆಗೆ ಬಂದು ಕುರ್ಚಿ ಹತ್ತಿ ಕೈ ಚಾಚಿದ.

"ಅದನ್ನ ಮುಟ್ಟಿದಿ ಅಂದ್ರ ನೋಡು!" ಎಂದು ರತ್ನವ್ವ ಲಟ್ಟಣಿಗೆ ಎತ್ತಿದರು.

ಶಶಿಧರ ಬೆರಳು ಮಡಚಿ ಲೆಕ್ಕ ಹಾಕಿ, ಕೆಳಗಿಳಿದ. "ಖರೇನ ಅವ್ವಾ. ಇದೊಂದು ಸರಿ ಐತಿ. ಉಳಿದಾವೆಲ್ಲ ಇದರ ಹಾದಿಗೆ ಬಂದುವು."

"ವರ್ಷಕ್ಕೆ ಎರಡು ಸಲ ಇದೊಂದು ತಲೆನೋವು" ಎಂದಳು ಶೋಭಾ. "ಯಾಕಾದ್ರೂ ಬದಲಾಯಿಸ್ತಾರೋ, ಇದರಿಂದ ಯಾರಿಗೆ ಏನು ಲಾಭವೋ."

ಹೇಳಿದ ಮೇಲೆ ಅವಳಿಗೇ ಆ ಎರಡು ತಿಂಗಳು ನೆನಪಾಯಿತು. ರತ್ನವ್ವನ ಕಡೆ ನೋಡಿದಳು. ಅವರು ರೊಟ್ಟಿ ಲಟ್ಟಿಸುತ್ತಿದ್ದರು.

ಮರುದಿನ ಶೋಭಾಳಿಗೆ ನೆಗಡಿ. ರಜೆ ಹಾಕಿ ಮನೆಯಲ್ಲೇ ಮಲಗಿದ್ದಳು. ಮಧ್ಯಾಹ್ನ ಕೆಳಗಿನಿಂದ ಕೂಗು ಬಂತು.

"ಶೋಭಾ, ಏಳಾತು, ಬಾ!"

ಇಳಿದು ಬಂದಳು. ಹಿತ್ತಲಿನ ಬೇಲಿಯ ಮೇಲೆ ಆಗಲೇ ಸಂಜೆಯಂಥ ಬೆಳಕು ಬಿದ್ದಿತ್ತು. ಕುತ್ತಿಗೆ ಸೊಟ್ಟ ಮಾಡಿ ಗಡಿಯಾರ ನೋಡಿದಳು.

"ಇನ್ನೂ ಒಂದೂವರೆ ಅತ್ತೆ. ನಂಗೆ ಹಸಿವಿಲ್ಲ, ಆಮೇಲೆ ತಿಂತೀನಿ."

"ಆಮ್ಯಾಲೆ ಒಬ್ಬಾಕಿನ ತಿಂತಿ, ಆ ಟೀವಿ ಡಬ್ಬಿ ನೋಡ್ಕೋತ. ದಿನಾ ಆಫೀಸಿನ್ಯಾಗ ಹಂಗ ತಿಂತಿ ಅಂತ ಶಶಿ ಹೇಳ್ಯಾನ." ರತ್ನವ್ವ ಪಕ್ಕದ ಕುರ್ಚಿ ಎಳೆದರು. "ಲಗೂನ ಕೂಡು. ಗಿರಿಜಾ ಕೂತಾಳ."

ಶೋಭಾ ತಟ್ಟೆ ತಂದಳು. ರತ್ನವ್ವ ಹಣೆಗೆ ಕೈ ಮುಟ್ಟಿಸಿ, ಸೊಸೆ ರೊಟ್ಟಿ ಮುರಿಯುವ ತನಕ ಕಾದು, ಆಮೇಲೆ ತಾವು ಮುರಿದರು. ಬೈಲಹೊಂಗಲದ ಗಿರಿಜಾದೇವಿಯೂ ಸೇರಿ ಮೂವರೂ ಉಂಡರು. ಹಿಂಡಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಶೋಭಾ ಇನ್ನೊಂದು ತುತ್ತಿಗೆ ರೊಟ್ಟಿ ಮುರಿದಳು.